ಮೆತ್ತಗೆ ಮಾತಾಡು ತಾಯಿ

ಮಳೆಗಾಲದಲ್ಲಿ ಅಳಿಲು ಹೆಗ್ಗಣದ ಬಳಿ ಹತ್ತು ಕಡಲೆಕಾಯಿ ಸಾಲ ತಂದಿತ್ತು. ಮೂವತ್ತು ಕೊಟ್ಟರೂ ಎಲ್ಲ ಬಡ್ಡಿಗೇ ಹೋಗಿ ಅಸಲು ಹಾಗೇ ಉಳಿದಿತ್ತು. ನಾಳೆಯೊಳಗೆ ತೀರದಿದ್ದರೆ ಮರಿಗಳಿದ್ದ ಗೂಡೇ ಹೆಗ್ಗಣದ ಪಾಲು. ನಾಲ್ಕು ಮಂದಿಗೆ ಗೊತ್ತಾದರೆ ಮಾನ ಹೋದೀತೆಂದು ಅಳಿಲು ಎಂದಿನಂತೆ ಒಂಟಿಯಾಗಿ ಬಿಲದ ಬಾಯಿಗೆ ಹೋಗಿ ನಿಂತಿತು.

"ಅಣ್ಣಾ, ಐದು ತಗೊಂಡು ಸಾಲ ತೀರಿತು ಅನ್ನು."

"ಮೆತ್ತಗೆ ಮಾತಾಡು ತಾಯಿ," ಎಂದಿತು ಹೆಗ್ಗಣ. "ಯಾರಾದರೂ ಕೇಳಿಸಿಕೊಂಡರೆ ನಿನ್ನ ಮರ್ಯಾದೆ ಏನಾದೀತು? ಈ ಬೇಲಿಯಲ್ಲಿ ಸಾಲ ತೀರಿಸಲಾಗದವಳು ನೀನೊಬ್ಬಳೇ."

ಭಯಕ್ಕೆ ಅಳಿಲಿನ ದನಿ ಹತೋಟಿ ತಪ್ಪಿತು. "ಮೂವತ್ತು ತಿಂದೆಯಲ್ಲೋ! ಇನ್ನೂ ಹತ್ತು ಎಲ್ಲಿಂದ ತರಲಿ?" ಎಂದು ಚೀರಿಬಿಟ್ಟಿತು.

ಬೇಲಿಯ ಬುಡದಿಂದ ಇಲಿ ತಲೆ ಹೊರಹಾಕಿತು. "ನಿನ್ನಿಂದಲೂ ಮೂವತ್ತೇ ಅಕ್ಕಾ? ನಾನೊಬ್ಬನೇ ಅಂದುಕೊಂಡಿದ್ದೆ."

"ನನ್ನಿಂದ ಅರವತ್ತು ನುಂಗಿದ್ದಾನೆ!" ಎಂದಿತು ಪೊದೆಯೊಳಗಿನ ಮೊಲ.

ಹೆಗ್ಗಣದ ಮೀಸೆ ಅದುರಿತು. "ಐದೇ ಕೊಡಮ್ಮ, ಒಪ್ಪಿದೆ. ಈ ಮಾತು ನಮ್ಮಿಬ್ಬರಲ್ಲೇ ಇರಲಿ," ಎಂದು ಪಿಸುಗುಟ್ಟಿತು.

ಅಳಿಲು ಬೇಲಿಗೂಟದ ತುದಿಗೇರಿ ಕೂಗಿತು: "ಹೆಗ್ಗಣ ಅರ್ಧ ಸಾಲ ಬಿಟ್ಟಿದ್ದಾನೆ! ಎಲ್ಲರೂ ಬನ್ನಿ, ಉಳಿದರ್ಧದ ಮಾತಾಡೋಣ!"