ಸಿಗಡಿ ಅಂಗಿ ಕಳಚಿ ಅಡಗಿಕೊಳ್ಳುವುದೇಕೆ?

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳು ಆಗಷ್ಟೇ ಜಾಗ ಹಿಡಿದು ಕೂತಿದ್ದವು. ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಗಾಳಿ, ನೀರು, ಮೀನು, ಮನುಷ್ಯರು ಎಲ್ಲರೂ ಒಬ್ಬರೊಡನೊಬ್ಬರು ಮಾತಾಡುತ್ತಿದ್ದರು. ಮಾತಾಡುವವರು ಬಹಳ, ಕೇಳುವವರು ಕಡಿಮೆ. ಆ ವಿಷಯದಲ್ಲಿ ಲೋಕ ಅಂದಿಗೂ ಇಂದಿಗೂ ಒಂದೇ.

ಆಗೆಲ್ಲ ಸಿಗಡಿ ಬಯಲಲ್ಲೇ ತನ್ನ ಸುಣ್ಣದ ಸಿಪ್ಪೆಯ ಅಂಗಿ ಬದಲಿಸುತ್ತಿತ್ತು. ಮೈ ಬೆಳೆದು ಅಂಗಿ ಬಿಗಿಯಾದರೆ ಸಾಕು, ಎಲ್ಲರೆದುರು ಹಳೆಯದನ್ನು ಕಿತ್ತೆಸೆದು ಹೊಸ ಅಂಗಿಯಲ್ಲಿ ಮೆರೆಯುತ್ತಿತ್ತು. ಹಳೆಯದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೊಳೆಯಲ್ಲಿ ಸುಣ್ಣಕಲ್ಲಿಗೇನು ಬರ? ಇನ್ನೊಂದು ಅಂಗಿ ಮಾಡಿಕೊಂಡರಾಯಿತು.

ಒಂದು ಬೇಸಗೆ ಮಳೆ ದಾರಿ ತಪ್ಪಿತು. ಹೊಳೆ ಬತ್ತಿ ಬತ್ತಿ ಒಂದು ಗುಂಡಿಯಷ್ಟೇ ಉಳಿಯಿತು. ಲೋಕದಲ್ಲಿದ್ದ ಸಿಗಡಿಗಳೆಲ್ಲ ಆ ಗುಂಡಿಯಲ್ಲಿ ಒತ್ತಿಕೊಂಡು ಕೂತವು.

ದಡದ ಮನೆಯ ಸೊಸೆ ಸಾಕವ್ವ ಕೊಡ ಹಿಡಿದು ಬಂದಳು. ಹೊಳೆ ಅವಳನ್ನು ಕರೆಯಿತು.

"ಸಾಕವ್ವ, ನನ್ ಕೈಲಾಗಾಕಿಲ್ಲ ಕಣವ್ವ. ಮಳೆ ಬರೋಗಂಟ ಈ ಮಕ್ಕಳ್ನ ನೋಡ್ಕೊ. ಇವು ಹೋದ್ರೆ ಲೋಕದಲ್ಲಿ ಸಿಗಡಿ ಅನ್ನೋದೇ ಇರಾಕಿಲ್ಲ."

"ಚಿಂತೆ ಬಿಡು ತಾಯಿ. ನಿನ್ ಮಕ್ಕಳ್ನ ನಿನ್ ಮಡಿಲಿಗೇ ತಂದು ಹಾಕ್ತೀನಿ," ಅಂದಳು ಸಾಕವ್ವ. ಅವಳು ಮಾತು ಕೊಟ್ಟರೆ ಮುಗಿಯಿತು. ಹಿಡಿದ ಹಟ ಬಿಡುವ ಹೆಂಗಸಲ್ಲ.

ಮನೆಯಲ್ಲಿದ್ದ ಪಾತ್ರೆಗಳಲ್ಲೆಲ್ಲ ಒಳ್ಳೆಯದು ತಾಮ್ರದ ಹಂಡೆ. ನಂಬಿ ಕೊಟ್ಟ ಮಕ್ಕಳನ್ನು ಒಳ್ಳೆಯದರಲ್ಲೇ ಇಡಬೇಕಲ್ಲ! ಹುಣಸೆಹಣ್ಣು, ಬೂದಿ ಹಾಕಿ ಹಂಡೆಯನ್ನು ಫಳಫಳ ಹೊಳೆಯುವ ಹಾಗೆ ತಿಕ್ಕಿ, ಸಿಗಡಿಗಳನ್ನು ಅದರಲ್ಲಿ ಬಿಟ್ಟಳು. ಬೆಳಗಾದರೆ ಅವನ್ನು ಬಟ್ಟೆಯಲ್ಲಿ ಸೋಸಿ, ಹಳೆ ನೀರು ಚೆಲ್ಲಿ, ಹಂಡೆ ಬೆಳಗಿ, ಬಾವಿಯಿಂದ ಹೊಸ ನೀರು ಸೇದಿ ತುಂಬಿದಳು.

"ತಂಗಳು ನೀರು ಮನೇಲಿದ್ರೆ ದರಿದ್ರ. ಸೊಸೆ ಅಂದ್ರೆ ಹಿಂಗಿರ್ಬೇಕು," ಅಂತ ಅತ್ತೆ ಗಿರಿಯವ್ವ ಮೆಚ್ಚಿಕೊಂಡಳು.

ಮಾರನೆಯ ಬೆಳಗ್ಗೆ ಕೆಲವು ಸಿಗಡಿಗಳು ತಳದಲ್ಲಿ ಸತ್ತು ಬಿದ್ದಿದ್ದವು. ಅದರ ಮಾರನೆಯ ದಿನ ಇನ್ನಷ್ಟು. ಮೈಮೇಲೆ ಒಂದು ಗಾಯವೂ ಇಲ್ಲ.

ಸಾಕವ್ವ ಗಾಳಿಯನ್ನು ಕೇಳಿದಳು. ಗಾಳಿಗೆ ಎಲ್ಲೂ ನಿಂತು ನೋಡಿ ಗೊತ್ತಿಲ್ಲ. "ಹಸಿವಿರ್ಬೇಕು, ಚೆನ್ನಾಗಿ ಹಾಕು," ಅಂತ ಹೇಳಿ ಓಡಿತು. ಅವಳು ರಾಗಿಮುದ್ದೆ ಮುರಿದು ಹಾಕಿದಳು. ನೀರು ಗಬ್ಬೆದ್ದು ಇನ್ನಷ್ಟು ಸತ್ತವು. ಅತ್ತೆಯನ್ನು ಕೇಳಿದಳು. "ಯಾರ್ದೋ ಕಣ್ಣು ಬಿದ್ದದೆ," ಅಂದ ಗಿರಿಯವ್ವ, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು. ಸಿಗಡಿ ಸಾಯುವುದು ನಿಲ್ಲಲಿಲ್ಲ.

ಹಂಡೆಯಲ್ಲಿ ಒಂದು ಬೊಗಸೆಯಷ್ಟು ಉಳಿದಾಗ ಸಾಕವ್ವ ಅತ್ತುಬಿಟ್ಟಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹಂಡೆಯ ಪಕ್ಕ ಕೂತಳು. "ಯಾಕ್ ಸಾಯ್ತಾವೆ ಅಂತ ತಿಳಿಯೋಗಂಟ ಇಲ್ಲಿಂದ ಏಳಾಕಿಲ್ಲ," ಅಂದು ನೀರಿಗೆ ಕಿವಿ ತಾಗಿಸಿದಳು.

ಸಿಗಡಿಯ ದನಿ ಬಲು ಸಣ್ಣದು. ಹತ್ತಿರ ಬಂದವರಿಗಷ್ಟೇ ಕೇಳುತ್ತದೆ. ಎಲ್ಲಕ್ಕಿಂತ ಹಿರಿಯ ಸಿಗಡಿ ಮಾತಾಡಿತು.

"ಅವ್ವಾ, ತಾಮ್ರ ನಿಮ್ಗೆ ಒಳ್ಳೇದು, ನಮ್ಗೆ ವಿಷ. ಮೈಯೆಲ್ಲ ಉರೀತದೆ. ದಿನಾ ಹೊಸ್ ನೀರು ಹುಯ್ದ್ರೆ, ಮಳೆ ಬಂತು ಅಂತ ನಮ್ ಮೈ ಮೋಸ ಹೋಗ್ತದೆ. ಒಳಗೆ ಹೊಸ ಅಂಗಿ ಆಗೋಕ್ ಮುಂಚೇನೇ ಹಳೇದನ್ನ ಬಿಚ್ಚೋಕೋಗಿ, ಅರ್ಧಕ್ಕೆ ಸಿಕ್ಕಾಕ್ಕೊಂಡು ಸಾಯ್ತೀವಿ."

"ಮೊದ್ಲೇ ಯಾಕ್ ಹೇಳ್ಲಿಲ್ಲ?"

"ಗಾಳೀನ ಕೇಳ್ದೆ, ಅತ್ತೇನ ಕೇಳ್ದೆ. ನಮ್ಮನ್ನ ಯಾವಾಗ್ ಕೇಳ್ದೆ?"

ಸಾಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಹಿತ್ತಿಲಲ್ಲಿ ದನ ನೀರು ಕುಡಿಯುವ ಕಲ್ಲಿನ ಬಾನಿಯಿತ್ತು. ಮನೆಯಲ್ಲಿ ಅದಕ್ಕಿಂತ ಕೊಳಕು ಪಾತ್ರೆಯಿರಲಿಲ್ಲ. ಒಳಗೆಲ್ಲ ಹಸಿರು ಪಾಚಿ. ಅವಳು ಪಾಚಿ ಮುಟ್ಟಲಿಲ್ಲ. ಹಿರಿಯ ಸಿಗಡಿ ಕೇಳಿದ ಹಾಗೆ ಒಂದು ಸುಣ್ಣಕಲ್ಲು, ಒಡೆದ ಮಡಕೆಯ ಒಂದು ಹೋಳು ಒಳಗಿಟ್ಟಳು. ಬಾನಿಯ ನೀರನ್ನು ಸಿಗಡಿಗಳಿಗೆ ಸ್ವಲ್ಪಸ್ವಲ್ಪವೇ ಅಭ್ಯಾಸ ಮಾಡಿಸಿ, ಆಮೇಲೆ ಅವನ್ನು ಮೆಲ್ಲಗೆ ಬಿಟ್ಟಳು. ಮುದ್ದೆಯಿಲ್ಲ, ಗಿದ್ದೆಯಿಲ್ಲ. ಪಾಚಿಯೇ ಊಟ.

ಬಾನಿಯೊಳಗೆ ಹಿರಿಯ ಸಿಗಡಿ ತನ್ನವರನ್ನು ಸೇರಿಸಿತು. "ಇದು ಹೊಳೆಯಲ್ಲ. ಮೇಲೆ ಕಾಗೆ ಕಾಯ್ತಾ ಕೂತದೆ. ಇನ್ಮೇಲೆ ಅಂಗಿ ಕಳಚಿದೋರು ಮೈ ಗಟ್ಟಿ ಆಗೋಗಂಟ ಅಡಗಿರ್ಬೇಕು. ಹಳೇ ಅಂಗೀನ ಬಿಸಾಕಂಗಿಲ್ಲ, ತಿನ್ಬೇಕು. ಅದರ್ ಸುಣ್ಣ ಮುಂದಿನ್ ಅಂಗಿಗಾಯ್ತದೆ. ನಾವ್ ಬದುಕ್ಲೇಬೇಕು."

ಸಾಯುವುದು ನಿಂತಿತು. ಸಾಕವ್ವನಿಗೆ ಜೀವ ಬಂತು.

ಒಂದು ಬೆಳಗ್ಗೆ ಗಿರಿಯವ್ವ ಬಾನಿಗೆ ಬಗ್ಗಿ ನೋಡಿ ಕೂಗಿಕೊಂಡಳು. ಒಳಗೆ ಒಂದು ಸಿಗಡಿಯೂ ಓಡಾಡುತ್ತಿರಲಿಲ್ಲ. ತಳದಲ್ಲಿ ಬರೀ ತೆಳ್ಳನೆಯ ಸಿಪ್ಪೆಗಳು.

"ಎಲ್ಲ ಸತ್ತು ಸಿಪ್ಪೆ ಆಗವೆ. ನೀರು ಚೆಲ್ಲಿ ಬಾನಿ ತಿಕ್ಕು. ದನಕ್ ನೀರು ಬೇಡ್ವಾ?"

ಸಾಕವ್ವ ಓಡಿ ಬಂದಳು. ಬಗ್ಗಿ ಚೆನ್ನಾಗಿ ನೋಡಿದಳು. ಆಮೇಲೆ ಬಾನಿಗೆ ಅಡ್ಡ ನಿಂತಳು.

"ಚೆಲ್ಲಾಕಿಲ್ಲ ಅತ್ತೆ. ಸತ್ತಿದ್ರೆ ಮೈ ಇರ್ಬೇಕಿತ್ತಲ್ಲ? ಅಂಗಿ ಅದೆ, ಮೈ ಎಲ್ಲೋಯ್ತು?"

"ಮೊಂಡಿ ಕಣೇ ನೀನು!"

"ಹೂಂ ಅತ್ತೆ, ಮೊಂಡೀನೇ. ಬೈಯಿರಿ, ಆದ್ರೆ ಬಾನಿ ಮುಟ್ಬೇಡಿ."

ದನಗಳಿಗೆ ಬಾವಿಯಿಂದಲೇ ಸೇದಿ ಕೊಟ್ಟಳು. ಕೈ ಬೊಬ್ಬೆ ಬಂತು. ಅಂದೂ ಕಾದಳು, ಮಾರನೆಯ ದಿನವೂ ಕಾದಳು. ಕೊನೆಗೆ ಮಡಕೆ ಹೋಳಿನ ಅಡಿಯಿಂದ ಎರಡು ಮೀಸೆ ಹೊರಬಂದವು. ಅವುಗಳ ಹಿಂದೆ ಹೊಸ ಅಂಗಿ ತೊಟ್ಟ ಹಿರಿಯ ಸಿಗಡಿ! ಬಂದದ್ದೇ ತನ್ನ ಹಳೆಯ ಅಂಗಿಯ ಮೇಲೆ ಕೂತು ಊಟಕ್ಕೆ ಶುರುಮಾಡಿತು. ಅದರ ಹಿಂದೆ ಒಂದೊಂದಾಗಿ ಉಳಿದವು. ಸಾಕವ್ವ ನಗುತ್ತಾ ಅತ್ತಳು.

ಕೆಲವು ದಿನ ಕಳೆದ ಮೇಲೆ ಹಿರಿಯ ಸಿಗಡಿಯ ಹೊಟ್ಟೆಯಡಿ ಮೊಟ್ಟೆಗಳು ಕಂಡವು. "ಅಯ್ಯೋ, ಬಸುರಿ ಕಣೇ ಇದು!" ಅಂದ ಗಿರಿಯವ್ವ, ಅವತ್ತಿನಿಂದ ಕೋಲು ಹಿಡಿದು ಬಾನಿಯ ಪಕ್ಕ ಕಾಗೆ ಕಾಯಲು ಕೂತಳು. ಎದ್ದೇಳು ಅಂದರೂ ಏಳಲಿಲ್ಲ.

ಅಂತೂ ಮಳೆ ಬಂತು. ಹೊಳೆ ಕೆಂಪಗೆ ತುಂಬಿ ಭೋರ್ಗರೆಯುತ್ತಾ ಮನೆ ಬಾಗಿಲವರೆಗೆ ಬಂತು.

"ಕೊಡು ನನ್ ಮಕ್ಕಳ್ನ! ಸುರಿ ಬೇಗ!"

ಸಾಕವ್ವ ಸಿಗಡಿಗಳನ್ನು ಬಾನಿಯ ನೀರಿನ ಸಮೇತ ಮಣ್ಣಿನ ಮಡಕೆಯಲ್ಲಿ ತಂದಿದ್ದಳು. ಆದರೆ ಸುರಿಯಲಿಲ್ಲ. "ತಡಿ ತಾಯಿ. ನಿನ್ ನೀರು ಹೊಸದು, ತಣ್ಣಗದೆ. ಒಂದೇ ಸಲ ಬಿಟ್ರೆ ನಿನ್ ಕೈಲೇ ಸಾಯ್ತಾವೆ. ಇಷ್ಟು ದಿನ ಕಾದೋಳು ಇನ್ನೊಂದ್ ಗಳಿಗೆ ಕಾಯಿ."

ಹೊಳೆಗೆ ಎದುರು ಮಾತಾಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹೊಳೆ ಗುಡುಗಿತು, ಗೊಣಗಿತು, ಆಮೇಲೆ ಸುಮ್ಮನಾಯಿತು. ಸಾಕವ್ವ ಹೊಳೆಯ ನೀರನ್ನು ಅಂಗೈಯಲ್ಲಿ ತೆಗೆದು ಮಡಕೆಗೆ ಬಿಡುತ್ತಾ ಕೂತಳು. ಮಡಕೆಯ ನೀರೂ ಹೊಳೆಯ ನೀರೂ ಒಂದೇ ಆದಾಗ ಮಡಕೆಯನ್ನು ಓರೆಮಾಡಿದಳು. ಸಿಗಡಿಗಳು ತಾವಾಗಿಯೇ ನಡೆದು ತಾಯಿಯ ಮಡಿಲು ಸೇರಿದವು.

ಹೊಳೆಯಲ್ಲಿ ಮತ್ತೆ ಸುಣ್ಣಕಲ್ಲು ಬೇಕಾದಷ್ಟಿತ್ತು. ಆದರೂ ಬಾನಿಯಲ್ಲಿ ಕಲಿತದ್ದನ್ನು ಸಿಗಡಿಗಳು ಬಿಡಲಿಲ್ಲ. ಮಕ್ಕಳಿಗೆ ಕಲಿಸಿದವು, ಆ ಮಕ್ಕಳು ತಮ್ಮ ಮಕ್ಕಳಿಗೆ ಕಲಿಸಿದವು.

ಅದಕ್ಕೇ ಮಗು, ನಿನ್ನ ಗಾಜಿನ ತೊಟ್ಟಿಯ ತಳದಲ್ಲಿ ಖಾಲಿ ಅಂಗಿ ಬಿದ್ದಿದ್ದು ಸಿಗಡಿ ಎಲ್ಲೂ ಕಾಣದಿದ್ದರೆ ಅಳಬೇಡ, ಅಂಗಿ ತೆಗೆಯಬೇಡ, ನೀರು ಚೆಲ್ಲಬೇಡ. ಅದು ಕಲ್ಲಿನ ಸಂದಿಯಲ್ಲಿ ಮೈ ಗಟ್ಟಿಮಾಡಿಕೊಳ್ಳುತ್ತಾ ಕೂತಿದೆ, ನೀನೂ ಕಾಯಿ.