ಫಕೀರೇಶನ ಟೆಂಪ್ಲೇಟಿನಲ್ಲಿ ಅವ್ವನ ಕೋಣೆ

ಗದಗ ಸೀಮೆಯ ಒಂದೂರಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಅವಳಿಗೆ ಫಕೀರೇಶ ಅಂತ ಒಬ್ಬನೇ ಮಗ. ಎಂಥ ಮಗ ಅಂತೀರಿ! ಹಾಲು ಉಕ್ಕುವುದನ್ನು ನೋಡು ಅಂದರೆ ಉಕ್ಕಿ, ಚೆಲ್ಲಿ, ಒಲೆ ಆರುವ ತನಕ ನೋಡುತ್ತಾ ನಿಲ್ಲುವ ಮಗ. ಇಳಿಸು ಅಂತ ಯಾರೂ ಹೇಳಿರಲಿಲ್ಲವಲ್ಲ!

ನೀಲವ್ವ ಎಂಜಿನಿಯರ್ ಅಂದಾನಪ್ಪನವರ ಆಫೀಸಿನಲ್ಲಿ ಕಸ ಹೊಡೆದು ಚಹಾ ಕಾಸುತ್ತಿದ್ದಳು. ಬಾಡಿಗೆಯ ಒಂದೇ ಖೋಲಿಯಲ್ಲಿ ಅರ್ಧ ಆಯುಷ್ಯ ಸವೆಸಿದವಳು. ಮಗ ಒಂದು ಕೆಲಸದಲ್ಲಿ ನಿಂತರೆ ತನ್ನದೂ ಅಂತ ಒಂದು ಮನೆ ಆದೀತು ಅನ್ನುವುದೊಂದೇ ಅವಳ ಆಸೆ. ಸಾಹೇಬರ ಕೈಕಾಲು ಹಿಡಿದು, ಮನೆ ನಕ್ಷೆ ಬರೆಯುವ ಕಂಪ್ಯೂಟರಿನ ಮುಂದೆ ಮಗನನ್ನು ಕೂರಿಸಿಬಿಟ್ಟಳು.

ಸಾಹೇಬರು ಮೊದಲ ದಿನವೇ ಹೇಳಿದರು, "ನೋಡಪಾ, ಇದರಾಗ ಟೆಂಪ್ಲೇಟು ಅಂತ ಐತಿ. ಹಾಳಿ, ಚೌಕಟ್ಟು, ಅಕ್ಷರದ ಅಳತಿ ಎಲ್ಲಾ ತಯಾರ ಮಾಡಿ ಇಟ್ಟೀನಿ. ಯಾವ ಹೊಸಾ ಕೆಲಸ ಬಂದ್ರೂ ಅದರಿಂದನ ಶುರು ಮಾಡು. ಅದರಾಗಿದ್ದದ್ದು ಒಂದೂ ಕೆಡಿಸಬ್ಯಾಡ."

"ಆತ್ರಿ" ಅಂದ ಫಕೀರೇಶ.

ನಿವೃತ್ತ ಪೋಸ್ಟ್‌ಮಾಸ್ಟರ್ ಹೊಸಮನಿಯವರು ಮನೆ ನಕ್ಷೆಗೆ ಬಂದರು. ಇವನು ಟೆಂಪ್ಲೇಟು ತೆಗೆದ, ಹಾಗೇ ಪ್ರಿಂಟು ಹೊಡೆದ, ಮಡಚಿ ಕೈಗಿಟ್ಟ. ಅವರು ಬಿಚ್ಚಿ ನೋಡುತ್ತಾರೆ, ಸುತ್ತ ಚೌಕಟ್ಟು, ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ, ಕೆಳಗೆ "ಮಾಲೀಕರ ಹೆಸರು ಇಲ್ಲಿ ಬರೆಯಿರಿ".

"ನನ್ನ ಮನಿ ಎಲ್ಲೈತೋ?"

"ಹಾಕಿದ್ರ ಟೆಂಪ್ಲೇಟು ಕೆಡ್ತಿತ್ರಿ!"

ಹೊಸಮನಿಯವರು ಆ ಹಾಳೆಯನ್ನು ಮೇಜಿಗೆ ಬಡಿದ ಸದ್ದಿಗೆ ನೀಲವ್ವನ ಕೈಯ ಚಹಾ ತುಳುಕಿತು. ಸಾಹೇಬರು ಓಡಿ ಬಂದರು. "ಲೇ ಹುಚ್ಚಪ್ಪಾ! ಖಾಲಿ ಹಾಳಿ ಕೊಡ್ತಾರೇನು? ಅಡಿಗಿಮನಿ, ಬಚ್ಚಲಾ, ಕಕ್ಕಸು ಎಲ್ಲಾರಿಗೂ ಬೇಕಾಗೂವು. ಅವನ್ನೆಲ್ಲಾ ಟೆಂಪ್ಲೇಟಿನಾಗ ತುಂಬಿ ಇಟ್ಕೋ. ಪ್ರತೀ ಕೆಲಸದಾಗೂ ತಾವ ಬರ್ತಾವ!"

"ಆತ್ರಿ" ಅಂದ. ತುಂಬಿಟ್ಟುಕೊಂಡ.

ಮುಂದೆ ಬಂದವರು ಊರ ಹನುಮಪ್ಪನ ಗುಡಿಯ ಹಿರಿಯರು. ಹಳೇ ಗುಡಿ ಸೋರುತ್ತಿದೆ, ಹೊಸದು ಕಟ್ಟಬೇಕು. ಫಕೀರೇಶ ಟೆಂಪ್ಲೇಟಿನಿಂದಲೇ ಶುರು ಮಾಡಿದ, ಗೋಡೆ ಎಳೆದ, ಗೋಪುರ ಏರಿಸಿದ. ಹಿರಿಯರು ಕನ್ನಡಕ ಏರಿಸಿಕೊಂಡು ನೋಡುತ್ತಾರೆ, ಗರ್ಭಗುಡಿಗೆ ಅಂಟಿಕೊಂಡೇ ಕಕ್ಕಸು! ಹನುಮಪ್ಪನ ಬೆನ್ನ ಹಿಂದೆಯೇ ಅದರ ಬಾಗಿಲು!

"ಏನಲೇ ಇದು? ದೇವರಿಗೆ ಕಕ್ಕಸು ಕಟ್ಟಸ್ತೀಯಾ?"

"ಎಲ್ಲಾರಿಗೂ ಬೇಕಾಗೂವಂಥಾದ್ದಂತರಿ! ಸಾಹೇಬ್ರ ಹೇಳ್ಯಾರ!"

ಹಿರಿಯರು ಸಾಹೇಬರ ಕಡೆ ತಿರುಗಿದರು. ಅವತ್ತು ಆ ಮನುಷ್ಯ ಕೇಳಿಸಿಕೊಂಡ ಮಾತನ್ನು ನಾನು ಇಲ್ಲಿ ಹೇಳುವಂತಿಲ್ಲ. ಹಿರಿಯರು ಹೋದ ಮೇಲೆ ಸಾಹೇಬರು ಅಷ್ಟನ್ನೂ ಸೇರಿಸಿ ಫಕೀರೇಶನ ತಲೆ ಮೇಲೆ ಸುರಿದರು. "ಬಾಯಿಬಿಟ್ಟು ಕೇಳಿದ್ದನ್ನಷ್ಟ ಉಳಿಸು! ಕೇಳಲಾರದ್ದು ಏನೇನೈತಿ, ಎಲ್ಲಾ ಅಳಿಸು!"

"ಆತ್ರಿ" ಅಂದ.

ಜವಳಿ ಅಂಗಡಿ ಶೆಟ್ಟರು ಬಂದರು. ಕೆಳಗೆ ಪಡಸಾಲೆ, ಅಡಿಗೆಮನೆ, ದೇವರ ಕೋಣೆ, ಮೇಲೆ ಮಲಗುವ ಕೋಣೆಗಳು ಅಂದರು. ಫಕೀರೇಶ ಅವರು ಕೇಳಿದ್ದನ್ನೆಲ್ಲ ಹಾಕಿದ, ಕೇಳದ್ದನ್ನೆಲ್ಲ ಅಳಿಸಿದ. ಶೆಟ್ಟರು ನಕ್ಷೆಯ ಮೇಲೆ ಬೆರಳಿಟ್ಟು ಸುತ್ತಿದರು, ಸುತ್ತಿದರು, ಬೆರಳು ಒಳಗೆ ಹೋಗಲೊಲ್ಲದು.

"ಬಾಗಲಾ ಎಲ್ಲೈತೋ?"

"ನೀವು ಕೇಳಿಲ್ರಿ."

"ಮ್ಯಾಲೆ ಹತ್ತಾಕ ಪಾವಟಿಗಿ?"

"ಅದನ್ನೂ ಕೇಳಿಲ್ರಿ!"

ಶೆಟ್ಟರು ನಕ್ಷೆ ಹರಿದು ಹೊರಟುಹೋದರು. "ಇನ್ನೊಂದು ತಪ್ಪಾದ್ರ ಇವನ್ನ ಹೊರಗ ಹಾಕ್ತೀನಿ, ನೀಲವ್ವಾ!" ಅಂದರು ಸಾಹೇಬರು.

ನೀಲವ್ವನಿಗೆ ಮೈಯೆಲ್ಲ ಉರಿಯಿತು. ಮಗನ ಮೇಲೆ ಸಿಟ್ಟು, ಅರ್ಧ ಮಾತು ಹೇಳಿ ಪೂರ್ತಿ ಬೈಯುವ ಸಾಹೇಬರ ಮೇಲೂ ಸಿಟ್ಟು. ಮಗನನ್ನು ದರದರ ಎಳೆದುಕೊಂಡು ಹೊರಗೆ ಬಂದಳು. "ನಿನ್ನ ಹಡೆದು ನಾ ಏನ ಸುಖಾ ಕಂಡ್ನೋ! ಇನ್ನ ಮ್ಯಾಲೆ ಯಾರ ಮಾತೂ ಬ್ಯಾಡ, ನನ್ನ ಮಾತು ಕೇಳು. ಯಾವ ಕೆಲಸ ಬಂದ್ರೂ ಅದರಾಗ ನಿಮ್ಮವ್ವ ಇರತಾಳ ಅಂತ ತಿಳದು ಬರಿ!"

"ಆತವ್ವಾ" ಅಂದ ಫಕೀರೇಶ.

ಆಮೇಲೆ ನೋಡಿ! ಬಾಗಿಲು ಅಗಲವಾದವು. ಮೊಣಕಾಲು ನೋಯುವವರಿಗೆ ಅಂತ ಪಾವಟಿಗೆ ತಗ್ಗಾದವು. ಅಡಿಗೆಮನೆಗೆ ದೊಡ್ಡ ಕಿಟಕಿ ಬಂತು. ಗಾಳಿ ಆಡುವ ಜಾಗದಲ್ಲಿ, ಎಲ್ಲ ಮನೆಯಲ್ಲೂ, "ಅವ್ವನ ಕೋಣೆ" ಅಂತ ಒಂದು ಕೋಣೆ. ಮಾಲೀಕರು ತಮ್ಮ ತಮ್ಮ ತಾಯಂದಿರ ಕೋಣೆ ಅಂದುಕೊಂಡು ಕಣ್ಣು ಒರೆಸಿಕೊಂಡರು. ಶೆಟ್ಟರೂ ತಿರುಗಿ ಬಂದು ನಕ್ಷೆ ಒಯ್ದರು. ಸಾಹೇಬರು ನೀಲವ್ವನಿಗೇ ಚಹಾ ತರಿಸಿ ಕೊಟ್ಟರು. ಅವಳು ಖೋಲಿಯ ಗೋಡೆಗೊರಗಿ ಕೂತು, ತನ್ನ ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು ಅಂತ ಲೆಕ್ಕ ಹಾಕತೊಡಗಿದಳು.

ಅಷ್ಟರಲ್ಲಿ ಹೊಸ ಪೊಲೀಸ್ ಠಾಣೆಯ ನಕ್ಷೆ ಕೆಲಸ ಬಂತು. ನಕ್ಷೆ ಹೋಯಿತು. ಹೋದಷ್ಟೇ ಬೇಗ ಫೌಜದಾರರೂ ಬಂದರು, ಬೂಟು ಸಪ್ಪಳ ಮಾಡುತ್ತಾ.

"ಯಾವನ್ರೀ ಇದನ್ನ ಬರದಾಂವ? ಲಾಕಪ್ಪು ಇರಬೇಕಾದ ಜಾಗಾದಾಗ 'ಅವ್ವನ ಕೋಣೆ' ಅಂತ ಬರದೈತಿ! ಅಲ್ಲಿ ಯಾರವ್ವನ್ನ ಹಾಕೋಣು? ನಮ್ಮವ್ವನ್ನ?"

ಫಕೀರೇಶ ಎದ್ದು ನಿಂತು ಕೈ ಮುಗಿದ. "ನಿಮ್ಮವ್ವ ಅಲ್ರಿ, ನಮ್ಮವ್ವ! ಸರಳು ಗಟ್ಟಿ ಅದಾವ, ಹೊರಗಿಂದ ಕೀಲಿ ಐತಿ, ಬಾಗಲದಾಗ ಪೊಲೀಸರ ಕಾವಲು. ನಿಮ್ಮ ಠಾಣೇದಾಗ ನಮ್ಮವ್ವಗ ಅದಕ್ಕಿಂತ ಚಲೋ ಕೋಣಿ ಇಲ್ರಿ!"

ಸಾಹೇಬರು ಬಾಗಿಲಿನ ಕಡೆ ಕೈ ತೋರಿಸಿದರು. ಅಲ್ಲಿಗೆ ಕೆಲಸ ಮುಗಿಯಿತು. ನೀಲವ್ವನಿಗೆ ಅಳು ನುಗ್ಗಿ ಬಂತು, ಅದಕ್ಕಿಂತ ಮುಂಚೆ ಸಿಟ್ಟು ನುಗ್ಗಿ ಬಂತು. ಚಹಾದ ತಟ್ಟೆ ಕೆಳಗಿಟ್ಟಳು, ಮಗನ ಕಿವಿ ಹಿಡಿದಳು, ಬೀದಿಗೆ ಎಳೆದು ತಂದಳು.

"ಜೀವಂತ ಇದ್ದಾಗನ ನನ್ನ ಜೇಲಿಗೆ ಹಾಕಿದೆಲ್ಲೋ! ನಡಿ, ನಡಿ ಮನಿಗೆ!"

ಫಕೀರೇಶ ಕಿವಿ ಉಜ್ಜಿಕೊಳ್ಳುತ್ತಾ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ.

"ಯಾವ ಮನಿಗವ್ವಾ? ಊರ ತುಂಬ ನಿನ್ನ ಕೋಣಿ ಅದಾವಲ್ಲ!"