ಹುಳಿಮಣ್ಣಿನ ತಗಚೆ

ಮಕ್ಕಳೇ, ಮನುಷ್ಯರು ಗುಡ್ಡ ಬಗೆದು ಸೀಸದ ಅದಿರು ಹೊತ್ತೊಯ್ದು, ಬೇಡದ ಧೂಳನ್ನು ಅಲ್ಲೇ ಸುರಿದು ಹೋದ ಒಂದು ಕಾಡಿತ್ತು. ಅವರ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಗಾಳಿ ಆ ಧೂಳನ್ನು ಹಳ್ಳದ ಎರಡೂ ದಂಡೆಗೆ ಎರಚಿತು. ಆಚೆ ದಂಡೆಯದು ಮರಳು ಮರಳಾದ ಹುಳಿಮಣ್ಣು. ಈಚೆ ದಂಡೆಯದು ಸುಣ್ಣಕಲ್ಲು ಬೆರೆತ ಕಪ್ಪು ಜಿಗುಟು ಮಣ್ಣು. ಎರಡರಲ್ಲೂ ತಗಚೆ ಗಿಡ ಸೊಂಪಾಗಿ ಬೆಳೆದಿತ್ತು.

ಈಚೆ ದಂಡೆಯ ಬಿಲದಲ್ಲಿ ಚಂಗಿ ಎಂಬ ಮೊಲ ತನ್ನೆರಡು ಮರಿಗಳೊಂದಿಗೆ ಇದ್ದಳು. ದೊಡ್ಡ ಮರಿ ದಿನಾ ಹಳ್ಳ ದಾಟಿ ತಗಚೆ ಮೇಯುತ್ತಿತ್ತು. ಬರಬರುತ್ತಾ ಅದರ ಕಾಲು ಸೋತವು. ಒಂದು ಬೆಳಿಗ್ಗೆ ಅದು ಏಳಲೇ ಇಲ್ಲ.

ಚಂಗಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಲೆಯ ತುದಿ ಮೂಸಿ ನೋಡಿ ತಿನ್ನುವುದು ಮೊಲಗಳ ಪದ್ಧತಿ. ಅವಳೇ ಮೂಸಿ, ತಿನ್ನು ಎಂದಿದ್ದ ಎಲೆ ಅವಳ ಮಗುವನ್ನು ಕೊಂದಿತ್ತು. ತಗಚೆಯ ವಂಶವನ್ನೇ ಉಳಿಸುವುದಿಲ್ಲ ಎಂದು ಹಲ್ಲು ಕಡಿಯುತ್ತಾ, ಬಿಲದ ಬಾಯಲ್ಲೇ ಇದ್ದ ಗಿಡಗಳನ್ನು ಬುಡಸಮೇತ ಕೀಳತೊಡಗಿದಳು.

ಬೇರಿನ ಜೊತೆ ಒಬ್ಬ ಮುದಿ ಎರೆಹುಳು ಮೇಲೆ ಬಂದ. ಎರಡೂ ದಂಡೆಯ ಮಣ್ಣು ತಿಂದು ಬಲ್ಲವನು, ಮಣ್ಣಜ್ಜ.

"ಗಿಡದ ತಪ್ಪಲ್ಲ ಕಣೇ. ಈ ಕಪ್ಪು ಮಣ್ಣು ಧೂಳಿನಲ್ಲಿರೋ ಸೀಸದ ವಿಷವನ್ನ ಮುಷ್ಟಿಯಲ್ಲಿ ಹಿಡಿದಿರುತ್ತೆ, ಬೇರಿಗೆ ಬಿಡೋದಿಲ್ಲ. ಆಚೆಯ ಹುಳಿಮಣ್ಣಿಗೆ ಹಿಡಿತವಿಲ್ಲ, ಬೇರಿಗೆ ಕೊಟ್ಟುಬಿಡುತ್ತೆ. ನೀನು ಕೀಳ್ತಿರೋದು ನಿನ್ನ ಚಿಕ್ಕ ಮರಿಯ ಅನ್ನ."

"ನನ್ನ ಮಗು ಸತ್ತಿದೆ. ನೀನು ಮಣ್ಣಿನ ಪುರಾಣ ಹೇಳ್ತೀಯಾ?" ಎಂದಳು ಚಂಗಿ, ಕೀಳುತ್ತಲೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಸಂಜೆಯ ಹೊತ್ತಿಗೆ ಈಚೆ ದಂಡೆ ಬೋಳಾಯಿತು. ಚಂಗಿಯ ಉಗುರುಗಳೂ ಕಿತ್ತು ಬಂದಿದ್ದವು. ಆಚೆಯದನ್ನು ಗಾಯ ಮಾಗಿದ ಮೇಲೆ ಕಿತ್ತರಾಯಿತೆಂದು ಅವಳು ಬಿಲದೊಳಗೆ ಬಿದ್ದುಕೊಂಡಳು.

ಚಿಕ್ಕ ಮರಿಗೆ ಹಸಿವಾಯಿತು. ಹತ್ತಿರದಲ್ಲಿ ಒಂದು ಎಲೆಯೂ ಇರಲಿಲ್ಲ. ಹಳ್ಳದಾಚೆ ಹಸಿರು ಕಂಡಿತು. ಮರಿ ಅಮ್ಮನಿಗೆ ಹೇಳದೆ ದಿನಾ ಅಲ್ಲಿಗೆ ಹೋಗಿ ಹೊಟ್ಟೆ ತುಂಬಿಸಿಕೊಂಡಿತು.

ಗಾಯ ಮಾಗಿ ಹೊರಬಂದ ಚಂಗಿಗೆ ಕಂಡದ್ದು ಹಳ್ಳದಾಚೆಯಿಂದ ಹಿಂಗಾಲು ಎಳೆದುಕೊಂಡು ಬರುತ್ತಿದ್ದ ಮರಿ. ಅವಳು ಓಡಿಹೋಗಿ ಮಣ್ಣಜ್ಜನನ್ನು ಹಿಡಿದು, "ಮೊದಲೇ ಹೇಳೋಕೆ ನಿನಗೇನಾಗಿತ್ತು?" ಎಂದು ಕೂಗಾಡಿದಳು.

"ಹೇಳಿದ್ದೆ," ಎಂದ ಮಣ್ಣಜ್ಜ. "ನೀನು ಆಗ ಕೀಳ್ತಾ ಇದ್ದೆ."

ನೀತಿ: ತಪ್ಪು ಎಲ್ಲಿದೆಯೆಂದು ತಿಳಿಯದೆ ಸಿಟ್ಟು ತೀರಿಸಿಕೊಂಡರೆ ಒಳ್ಳೆಯದು ನಾಶವಾಗುತ್ತದೆ, ವಿಷ ಹಾಗೇ ಉಳಿಯುತ್ತದೆ.